ಅಲ್ಯೂಮಿನಿಯಂ ರೇಡಿಯೇಟರ್ ಇದ್ದವರೇ, ಈ ಹಸಿರು ಕ್ಯಾನ್ ತರಬೇಡಿ

ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ನಡೆಸುವವರು ದಯವಿಟ್ಟು ಪೂರ್ತಿ ಓದಿ. ಜನರೇಟರಿನ ರೇಡಿಯೇಟರ್ ನೀರಿಗೆ ಹಾಕುವ 'ತುಕ್ಕಿನ ಔಷಧ' ಅಂತ ಹಸಿರು ಕ್ಯಾನ್ ಮಾರುತ್ತಿದ್ದಾರೆ. ಅದು ನಮ್ಮ ರೇಡಿಯೇಟರನ್ನೇ ತಿಂದುಹಾಕಿದೆ.

ತರುವ ಮುಂಚೆ ಬಾಯಿಬಿಟ್ಟು ಕೇಳಿದ್ದೆ: "ನಮ್ದು ಅಲ್ಯೂಮಿನಿಯಂ ಐತ್ರಿ, ಬೋರಿನ ನೀರು ಸವಳು. ನಡೀತೈತೇನು?" ಡೀಲರ್ ಹೇಳಿದ್ದು: "ಯಾವ ನೀರಿರ್ಲಿ, ಯಾವ ಲೋಹ ಇರ್ಲಿ, ಕಣ್ಣು ಮುಚ್ಚಿ ಹಾಕ್ರಿ ಸರ."

ಬೇಸಿಗೆಯಲ್ಲಿ ಕರೆಂಟ್ ಹೋದ ಹೊತ್ತಿಗೇ ಎಂಜಿನ್ ಕಾದು ಬಂದ್ ಆಯ್ತು. ಮಾಲು ಇಟ್ಟ ರೈತರು ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಮುಖ ತೋರಿಸಲು ಆಗಲಿಲ್ಲ. ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿದರೆ ಕೊಳವೆಗಳ ಮೇಲೆಲ್ಲ ಬಿಳಿ ಹಿಟ್ಟಿನಂಥ ಗಂಟು. ಉಗುರಿನಿಂದ ಕೆರೆದರೆ ಅಡಿಯಲ್ಲಿ ಸೂಜಿಮೊನೆಯಷ್ಟು ಕಪ್ಪು ತೂತು. ಒಂದಲ್ಲ, ಸಾಲು ಸಾಲು! ಉಳಿದ ಲೋಹ ನೋಡಿದರೆ ಗಟ್ಟಿಯಾಗಿಯೇ ಇದೆ.

ಆಮೇಲೆ ಕ್ಯಾನ್ ತೊಳೆಯುವಾಗ ಮೇಲಿನ ಸ್ಟಿಕರ್ ಎದ್ದು ಬಂತು. ಕೆಳಗೆ ಇನ್ನೊಂದು ಸ್ಟಿಕರ್! 'ನೈಟ್ರೈಟ್ ಬೇಸ್, ಕಬ್ಬಿಣದ ಪೈಪಿಗೆ ಮಾತ್ರ.' ಅದನ್ನು ಓದಿದಾಗ ಕೈಕಾಲು ನಡುಗಿತು. ಬೇಕಂತಲೇ ಮುಚ್ಚಿ ಮಾರಿದ್ದಾರೆ.

ಅಲ್ಯೂಮಿನಿಯಂ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಇರುತ್ತದೆ, ಅದೇ ಅದರ ರಕ್ಷಣೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 4ರಿಂದ 8.5ರೊಳಗೆ ಇದ್ದರೆ ಪದರ ನಿಲ್ಲುತ್ತದೆ. ಔಷಧ ಬೆರೆತ ನಮ್ಮ ರೇಡಿಯೇಟರ್ ನೀರಿಗೆ ಪಿಎಚ್ ಪಟ್ಟಿ ಅದ್ದಿದರೆ 10ರ ಹತ್ತಿರ, ಕಡುನೀಲಿ. ಕ್ಷಾರಕ್ಕೆ ಪದರ ಕರಗುತ್ತದೆ, ಬಲ ಕಡಿಮೆಯಾದ ಕಡೆ ಸವಳು ನೀರಿನ ಕ್ಲೋರೈಡ್ (ಉಪ್ಪಿನ ಅಂಶ) ತೂತು ಕೊರೆಯುತ್ತದೆ. ನೈಟ್ರೈಟ್ ಕಬ್ಬಿಣವನ್ನು ಕಾಯುತ್ತದೆ, ಅಲ್ಯೂಮಿನಿಯಂ ಕಾಯುವ ಸಿಲಿಕೇಟ್ ಇದರಲ್ಲಿ ಇರಲೇ ಇಲ್ಲ.

ಡೀಲರಿಗೆ ಫೋನ್ ಮಾಡಿದೆ. "ನಿಮ್ಮ ನೀರು ಸರಿ ಇಲ್ರಿ." ನೀರು ಸವಳು ಅಂತ ನಾನೇ ಹೇಳಿದ್ದೆನಲ್ಲ? "ಡೋಸ್ ಕಮ್ಮಿ ಆಗಿರ್ಬೇಕು, ಇನ್ನೊಂದು ಕ್ಯಾನ್ ಹಾಕಿ ನೋಡ್ರಿ." ಇನ್ನೊಂದು ಕ್ಯಾನ್! ಹಾಕಿದ್ದರೆ ಕ್ಷಾರ ಇನ್ನೂ ಏರುತ್ತಿತ್ತು. ಸ್ಟಿಕರ್ ಫೋಟೊ ಕಳಿಸಿದೆ. "ಅದು ಹಳೇ ಕ್ಯಾನ್ ಸರ, ಒಳಗಿನ ಮಾಲು ಬ್ಯಾರೆ." ಹಾಗಾದರೆ ಒಳಗೆ ಏನಿದೆ, ಬರೆದು ಕೊಡು ಅಂದೆ. ಅಲ್ಲಿಗೆ ಫೋನ್ ಕಟ್. ಈಗ ರಿಂಗ್ ಆದರೂ ಎತ್ತುವುದಿಲ್ಲ.

ಲೇಬಲ್ ಮೇಲೆ 'ಅಲ್ಯೂಮಿನಿಯಂಗೆ' ಅಂತ ಅಚ್ಚಾಗಿರದ ಯಾವುದನ್ನೂ ತರಬೇಡಿ, ಬಾಯಿಮಾತು ಕೇಳಲೇಬೇಡಿ. ಬೋರಿನ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಬೆರೆಸಿ. ಪಿಎಚ್ ಪಟ್ಟಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ತುಂಬುವ ಮೊದಲೇ ಅದ್ದಿ ನೋಡಿ. ಈ ಕ್ಯಾನ್ ಈಗಾಗಲೇ ಹಾಕಿದವರು ಇವತ್ತೇ ನೀರು ಬಸಿದು ತೊಳೆಯಿರಿ. ಸ್ಟಿಕರಿನ ಮೂಲೆಯನ್ನೂ ಒಮ್ಮೆ ಎಬ್ಬಿಸಿ ನೋಡಿ.