ಬಿಸಿನೆಲಕ್ಕೆ ಕಾಂಕ್ರೀಟ್: ಕೈಗಾಡಿಯೋ, ಪಂಪೋ, ಮೂಟೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಂಪ್‌ಗೆ. ಇಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಜನವರಿ ರಾತ್ರಿ ಮೈನಸ್ 20 ಡಿಗ್ರಿಗೆ ಇಳಿಯುವುದು ಮಾಮೂಲಿ. ನೆಲದೊಳಗೇ ಬಿಸಿನೀರಿನ ಪೈಪ್ ಹಾಕಿಸಿಕೊಳ್ಳೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಹೊಸದಾಗಿ ಕಟ್ಟುವಾಗ ಸುಲಭ, ಗೋಡೆ ಏಳುವ ಮೊದಲೇ ಕಾಂಕ್ರೀಟ್ ಸುರಿಯಬಹುದು. ಕಟ್ಟಿ ಮುಗಿದ ಮನೆಯಲ್ಲಿ ಕಾಂಕ್ರೀಟನ್ನು ಒಳಗೆ ತರುವುದೇ ದೊಡ್ಡ ಕೆಲಸ. ನಾನು ಹಿತ್ತಲಿನ ವರ್ಕ್‌ಶಾಪಿಗೆ ಕೈಗಾಡಿಯಲ್ಲಿ ತಂದೆ, ಗ್ಯಾರೇಜಿಗೆ ಪಂಪ್ ತರಿಸಿದೆ, ಬೇಸ್‌ಮೆಂಟಿನ ಬಚ್ಚಲಿಗೆ ಒಣ ಕಾಂಕ್ರೀಟ್ ಮಿಕ್ಸಿನ ಮೂಟೆ ತಂದು ನೀರು ಹಾಕಿ ಕಲಸಿದೆ.

ಮೂರು ಕಡೆಯೂ ನೆಲ ಒಂದೇ ಥರ. ಪ್ಲಾಸ್ಟಿಕ್ ಹಾಳೆ, ಮೇಲೆ 2 ಇಂಚಿನ ಫೋಮ್, ಫೋಮಿಗೆ ಸ್ಟೇಪಲ್ ಹೊಡೆದ ಅರ್ಧ ಇಂಚಿನ ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪ್, ಅದರ ಮೇಲೆ 4 ಇಂಚು ಕಾಂಕ್ರೀಟ್.

ಕೈಗಾಡಿಯಿಂದ ಶುರು ಮಾಡೋಣ. ತುಂಬಿದ ಮಿಕ್ಸರ್ ಲಾರಿ ಹತ್ತಿರಹತ್ತಿರ 30 ಟನ್ ತೂಗುತ್ತದೆ. ಡ್ರೈವ್‌ವೇ ಮೇಲೆ ಹತ್ತಿಸಿದರೆ ಬಿರುಕು ಬಿಡಬಹುದು. ಹಾಗಾಗಿ ಲಾರಿ ಬೀದಿಯಲ್ಲೇ ನಿಂತಿತು, ನಾವು ಗಾಡಿ ತಳ್ಳಿದೆವು. 3 ಘನ ಅಡಿ ತುಂಬಿದರೂ ಕಾಂಕ್ರೀಟೇ 200 ಕೆಜಿ. ಅಷ್ಟು ಭಾರ ಪೈಪುಗಳ ಮೇಲೆಯೇ ಹೋಗಬೇಕು, ಬೇರೆ ದಾರಿ ಇಲ್ಲ. ಪ್ಲೈವುಡ್ ಹಾಸಿದ್ದೆವು. ಚಕ್ರಕ್ಕೇನೋ ಅದು ಸಾಕು, ಕಾಟ ಕೊಟ್ಟಿದ್ದು ಗಾಡಿಯ ಕಾಲು. ಇಳಿಸುವಾಗ ಆ ಕಬ್ಬಿಣದ ಕಾಲು ಹಲಗೆಯ ಅಂಚು ಜಾರಿ ನೇರವಾಗಿ ಪೈಪಿನ ಮೇಲೆ ಕೂತಿತು.

ಸುರಿಯುವ ಮೊದಲು ಪೈಪಿಗೆ ಗಾಳಿ ತುಂಬಿ ಒತ್ತಡ ತೋರಿಸುವ ಗೇಜ್ ಹಾಕುವುದು ಇದಕ್ಕೇ. 60 ಪಿಎಸ್‌ಐ (ಚದರ ಇಂಚಿಗೆ 60 ಪೌಂಡ್ ಒತ್ತಡ) ತೋರಿಸುತ್ತಿದ್ದ ಮುಳ್ಳು ಮೆಲ್ಲಗೆ ಕೆಳಗಿಳಿಯತೊಡಗಿತು. ಅಷ್ಟರಲ್ಲಿ ಹಸಿ ಕಾಂಕ್ರೀಟ್ ಆ ಜಾಗವನ್ನು ಮುಚ್ಚಿತ್ತು. ಗುಳ್ಳೆ ಏಳುವ ಕಡೆ ಸಲಿಕೆಯಿಂದ ತೋಡಿ, ಪೈಪ್ ಒರೆಸಿ, ಸೀಳಿದ ತುಂಡು ಕತ್ತರಿಸಿ ತೆಗೆದು, ಎರಡು ತುದಿ ಸೇರಿಸುವ ಹಿತ್ತಾಳೆ ಕಪ್ಲಿಂಗ್ ಕೂರಿಸಿ, ಕಾಂಕ್ರೀಟ್ ತಾಗದ ಹಾಗೆ ಟೇಪ್ ಸುತ್ತಿದೆವು. ಮತ್ತೆ ಗಾಳಿ ತುಂಬಿ, ಮುಳ್ಳು ಅಲುಗದೆ ನಿಂತ ಮೇಲೇ ಮುಂದಿನ ಗಾಡಿ ಬಂದಿದ್ದು. ಅಲ್ಲಿವರೆಗೂ ಲಾರಿಯವರ ಕಾಯುವ ದುಡ್ಡು ಏರುತ್ತಲೇ ಇತ್ತು. ಮೊದಲು ಸುರಿದ ಕಡೆ ಗಟ್ಟಿಯಾಗಲು ಶುರುವಾಗಿತ್ತು. ಹಳೆಯದಕ್ಕೆ ಹೊಸದು ಸೇರಿದ ಗೆರೆ ಈಗಲೂ ಕಾಣುತ್ತದೆ. ಪೈಪ್ ಸೋರಿಲ್ಲ, ಆದರೆ ಆ ಗೆರೆ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ. ಗಾಡಿ ಓಡಾಡುವಷ್ಟು ಹೊತ್ತೂ ಬಾಗಿಲು ತೆರೆದೇ ಇರಬೇಕು, ಚಳಿ ಒಳಗೆ ನುಗ್ಗುತ್ತದೆ. ಬೆಚ್ಚಗಾಗಲಿ ಅಂತ ಹೊಗೆಕೊಳವೆ ಇಲ್ಲದ ಪ್ರೊಪೇನ್ ಹೀಟರ್ ಹಚ್ಚಲೇಬೇಡಿ. ಅದರ ಇಂಗಾಲದ ಡೈಆಕ್ಸೈಡ್ ಹಸಿ ಕಾಂಕ್ರೀಟಿನ ಮೇಲ್ಮೈಯನ್ನು ಕೆಡಿಸುತ್ತದೆ, ಆಮೇಲೆ ನೆಲ ಎಷ್ಟು ಗುಡಿಸಿದರೂ ಪುಡಿ ಬರುತ್ತಲೇ ಇರುತ್ತದೆ. ಮುಚ್ಚಿದ ಜಾಗದಲ್ಲಿ ಅದರ ಕಾರ್ಬನ್ ಮಾನಾಕ್ಸೈಡ್ ಜೀವಕ್ಕೂ ಅಪಾಯ.

ಪಂಪ್‌ನಲ್ಲಿ ಈ ರಗಳೆ ಇಲ್ಲ. ಲಾರಿ, ಪಂಪ್ ಎರಡೂ ಬೀದಿಯಲ್ಲಿ, ಒಳಗೆ ಬರುವುದು ಹೋಸ್ ಮಾತ್ರ. ದೂರದ ಮೂಲೆಯಿಂದ ಬಾಗಿಲ ಕಡೆಗೆ ಸುರಿಯುತ್ತಾ ಬಂದೆವು. 24 ಅಡಿಗೆ 24 ಅಡಿ ಗ್ಯಾರೇಜ್, 7 ಘನ ಗಜ ಮೀರಿ ಕಾಂಕ್ರೀಟ್, ಎಲ್ಲೂ ಸೇರುಗೆರೆ ಇಲ್ಲ. ಹೋಸಿನ ಜಾಯಿಂಟ್ ಎಳೆದಾಡಿದರೆ ಸ್ಟೇಪಲ್ ಕಿತ್ತು ಪೈಪ್ ಮೇಲೆದ್ದೀತು, ಅದಕ್ಕೆ ಒಬ್ಬರು ಹೋಸ್ ಎತ್ತಿ ಹಿಡಿಯಲೇಬೇಕು. ಖರ್ಚು ಕೆಲವು ನೂರು ಡಾಲರ್ ಜಾಸ್ತಿ.

ಮೂಟೆ ಚಿಕ್ಕ ಜಾಗಕ್ಕೆ ಸರಿ. 80 ಪೌಂಡಿನ ಮೂಟೆ 45 ಸೇರಿದರೆ ಒಂದು ಘನ ಗಜ, ಅಂದರೆ 4 ಇಂಚು ದಪ್ಪಕ್ಕೆ 81 ಚದರ ಅಡಿ. ಬಚ್ಚಲಿಗೆ ಚೆನ್ನಾಗಿಯೇ ಆಯಿತು. ಗ್ಯಾರೇಜಿಗೆ 300ಕ್ಕೂ ಜಾಸ್ತಿ ಮೂಟೆ ಬೇಕು. ಕಲಸಿ ಮುಗಿಸುವ ಮೊದಲೇ ಮೊದಲಿನದು ಗಟ್ಟಿಯಾಗುತ್ತದೆ.

ನನಗೆ ವಾರಾಂತ್ಯ ಮಾತ್ರ ಬಿಡುವು, ಸಹಾಯಕ್ಕೆ ಇಬ್ಬರು ಗೆಳೆಯರು. ಪಂಪ್ ದುಡ್ಡಿಗಾಗಿ ಬೇರೆ ಖರ್ಚು ತಳ್ಳಿಹಾಕಲು ನಾನು ಸಿದ್ಧ. ಕೈ ಬಲ ಇರುವ ನಾಲ್ಕಾರು ಜನ ನಿಮ್ಮ ಜೊತೆಗಿದ್ದು, ಲಾರಿ ಬಾಗಿಲವರೆಗೂ ಬಂದು ಸುರಿಯುವಂತಿದ್ದರೆ ಗಾಡಿಯಲ್ಲಿ ಉಳಿತಾಯವಿದೆ. ಪಂಪ್ ಆದರೆ ಹೋಸ್ ಅಳತೆಯನ್ನು ಕಾಂಕ್ರೀಟಿನವರಿಗೆ ಆರ್ಡರ್ ಕೊಡುವಾಗಲೇ ತಿಳಿಸಿ, ಸಣ್ಣ ಜಲ್ಲಿಯ ಮಿಕ್ಸ್ ಕೇಳಿ. ದಪ್ಪ ಜಲ್ಲಿ ಬಂದರೆ ಹೋಸ್ ಕಟ್ಟಿಕೊಳ್ಳುತ್ತದೆ.