ಮೋರೇರ ಬೆಟ್ಟ ತೋರಿಸುವ ಊರ ಮಾರ್ಗದರ್ಶಕರ ಸೇವೆ

ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಹಿರೇಬೆಣಕಲ್ಲಿನಲ್ಲಿ, ಬಂದವರನ್ನು ಬೆಟ್ಟ ಹತ್ತಿಸಿ ಶಿಲಾಸಮಾಧಿಗಳನ್ನು ತೋರಿಸುವ ಯುವಕರೊಬ್ಬರ ಸೇವೆಯನ್ನು ನಾವು ನಾಲ್ವರು ಕಳೆದ ಜನವರಿಯಲ್ಲಿ ಪಡೆದೆವು. ಎಲ್ಲರಿಗೂ ಸೇರಿ 800 ರೂಪಾಯಿ. ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದರೊಳಗೆ ಇಳಿದೆವು. ಕೊಟ್ಟ ಹಣಕ್ಕೆ ಮೋಸವಿಲ್ಲ.

ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದ ಆ ರಚನೆಗಳನ್ನು ಊರವರು ಮೋರೇರ ಮನೆಗಳೆನ್ನುತ್ತಾರೆ. ಗಿಡ್ಡ ಜನರು ಅಲ್ಲಿ ವಾಸವಿದ್ದರೆಂಬ ಅಜ್ಜಿಯ ಕಥೆಯನ್ನು ಹೇಳಿದ ಯುವಕರು, ಮರುಕ್ಷಣವೇ ಅದನ್ನು ಪಕ್ಕಕ್ಕಿಟ್ಟು ಇವು ಸತ್ತವರಿಗಾಗಿ ಕಟ್ಟಿದವು ಎಂದು ವಿವರಿಸಿದರು. ಚಪ್ಪಡಿಗಳನ್ನು ಎಬ್ಬಿಸಿದ ಜಾಗವೇ ಮುಂದೆ ಕೆರೆಯಾಯಿತೆಂದು ನೀರಿನ ಅಂಚಿನಲ್ಲೇ ನಿಲ್ಲಿಸಿ ತೋರಿಸಿದ ರೀತಿ ನನಗೆ ಬಹಳ ಹಿಡಿಸಿತು. ಬಂಡೆಯ ಮೇಲಿನ ನಗಾರಿ ಕಲ್ಲನ್ನು ಗುಂಡುಕಲ್ಲಿನಿಂದ ಬಾರಿಸಿ ನೋಡುತ್ತೇನೆಂದ ನಮ್ಮ ಗೆಳೆಯರನ್ನು ಅವರು ನಯವಾಗಿ, ಆದರೆ ಗಟ್ಟಿಯಾಗಿ ತಡೆದರು. ಗಂಗಾವತಿಯಲ್ಲೇ ಹುಟ್ಟಿ ಬೆಳೆದು ಹಂಪಿಗೆ ಹತ್ತಾರು ಸಲ ಹೋಗಿಬಂದ ನಮ್ಮ ಭಾವನವರು ಈ ಬೆಟ್ಟ ಹತ್ತಿದ್ದು ಇದೇ ಮೊದಲು.

ಆ ತಡೆದ ಕೈಯೇ ನನ್ನನ್ನು ಸಂರಕ್ಷಣೆಯ ನೀತಿಯ ಕುರಿತು ಯೋಚಿಸುವಂತೆ ಮಾಡಿತು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ತಾಣದ ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟಬಾರದ ನಿಷೇಧಿತ ವಲಯ, ಅದರಾಚೆ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ವಲಯ. ಊರ ನಡುವಿನ ಗುಡಿಗೆ ಇದು ದೊಡ್ಡ ಆಸರೆಯೇ ಸರಿ. ಆದರೆ ಯಾರೂ ಮನೆ ಕಟ್ಟಲು ಬಾರದ ಈ ಬೋಳು ಬಂಡೆಯ ಮೇಲೆ ಅಪಾಯವಿರುವುದು ನಿಧಿಯಾಸೆಗೆ ನೆಲ ಅಗೆಯುವವರಿಂದ, ಚಪ್ಪಡಿಯ ಮೇಲೆ ಹೆಸರು ಗೀಚುವವರಿಂದ, ಫೋಟೊಕ್ಕೆಂದು ಮೇಲೆ ಹತ್ತಿ ಕುಣಿಯುವವರಿಂದ. 1986ರಲ್ಲೇ ವಿಶ್ವಪರಂಪರೆಯ ಪಟ್ಟಿ ಸೇರಿದ ಹಂಪಿಗೆ ತನ್ನದೇ ನಿರ್ವಹಣಾ ಪ್ರಾಧಿಕಾರವಿದೆ. ಹಿರೇಬೆಣಕಲ್ಲು 2021ರಲ್ಲಿ ತಾತ್ಕಾಲಿಕ ಪಟ್ಟಿಗೆ, ಅಂದರೆ ಮುಂದೆ ವಿಶ್ವಪರಂಪರೆಯ ಮಾನ್ಯತೆಗೆ ಪರಿಗಣಿಸಬಹುದಾದ ತಾಣಗಳ ಪಟ್ಟಿಗೆ ಬಂದಿದೆ. ಮುಂದಿನ ಖರ್ಚು ರಸ್ತೆ, ಕಬ್ಬಿಣದ ಕಟಕಟೆಗಳಿಂದ ಆರಂಭವಾಗುವ ಬದಲು ಇಂಥ ಊರ ಹುಡುಗರಿಗೆ ತರಬೇತಿ, ಗುರುತಿನ ಚೀಟಿ, ತಿಂಗಳ ಸಂಬಳ ಕೊಡುವುದರಿಂದ ಆರಂಭವಾಗಲಿ ಎಂಬುದು ನನ್ನ ಅಭಿಪ್ರಾಯ.

ತರಬೇತಿಯ ಅಗತ್ಯವೂ ನಮಗೆ ಅಲ್ಲೇ ಕಂಡಿತು. ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಪೂ. 800ರಿಂದ 200ರವರೆಗಿನ ಕಾಲಕ್ಕೆ ಸೇರಿಸುವ ಈ ಸಮಾಧಿಗಳಿಗೆ ನಮ್ಮ ಮಾರ್ಗದರ್ಶಕರು ಐದು ಸಾವಿರ ವರ್ಷವೆಂದರು. ಇನ್ನೊಂದು ತಂಡ ಕೆಳಗೆ ಕಾಯುತ್ತಿದ್ದುದರಿಂದ ಕೆಂಬಣ್ಣದ ಗುಹಾಚಿತ್ರಗಳ ಮುಂದೆ ಐದು ನಿಮಿಷವೂ ನಿಲ್ಲಗೊಡಲಿಲ್ಲ, ಅದು ಬೇಸರವೆನಿಸಿತು. ಮತ್ತೆ ಹೋದರೂ ಅವರನ್ನೇ ಕರೆಯುತ್ತೇನೆ, ಚಿತ್ರಗಳಿಗೆ ಒಂದು ಗಂಟೆಯೆಂದು ಮೊದಲೇ ಮಾತಾಡಿಕೊಂಡು. ಹೋಗುವವರು ತಲಾ ಎರಡು ಲೀಟರ್ ನೀರು ಹೊತ್ತುಕೊಳ್ಳಿ. ಹತ್ತು ಗಂಟೆ ದಾಟಿದರೆ ಬಂಡೆ ಕಾದು ಕೈಯೂರಲು ಬಿಡುವುದಿಲ್ಲ.