ರೂಟ್ ಕೆನಾಲ್‌ಗೆ ಐದು ಸ್ಟಾರ್, ಡ್ರಿಲ್‌ಗೆ ಎರಡು

ಮೂರು ಸಿಟಿಂಗ್, 4,500 ರೂಪಾಯಿ. ಎಡಗಡೆ ದವಡೆ ಹಲ್ಲಿನ ನೋವು ಪೂರ್ತಿ ಹೋಗಿದೆ. ಡಾಕ್ಟರ ಕೈ ಹಗುರ. ಇಷ್ಟೇ ಬರೆದು ಸುಮ್ನಿರಬಹುದಿತ್ತು. ಆದರೆ ನಾನು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ 22 ವರ್ಷ ಕತ್ತರಿ, ಚಿಮಟ ತೊಳೆದು ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಯಂತ್ರ) ಹಾಕಿದವಳು. ಬಾಯಿ ತೆರೆದು ಮಲಗಿದರೂ ಕಣ್ಣು ಟ್ರೇ ಮೇಲೇ.

ಕನ್ನಡಿ, ಹಲ್ಲು ತಡಕುವ ಚೂಪು ಕಡ್ಡಿ (ಪ್ರೋಬ್), ಚಿಮಟ ಎಲ್ಲ ಸೀಲ್ ಆದ ಪೌಚ್‌ನಲ್ಲಿ ಬಂದವು. ನನ್ನೆದುರೇ ಹರಿದರು. ಪೌಚ್ ಮೇಲಿನ ಗುರುತಿನ ಬಣ್ಣ ತಿರುಗಿತ್ತು. ಬಣ್ಣ ತಿರುಗಿದರೆ ಹಬೆ ತಾಗಿದೆ ಅಂತ ಅಷ್ಟೇ. ಬ್ಯಾಕ್ಟೀರಿಯಾ ಸತ್ತಿದೆಯೋ ಇಲ್ಲವೋ ತಿಳಿಯಲು ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ (ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾವನ್ನು ಯಂತ್ರದೊಳಗಿಟ್ಟು, ಸತ್ತಿತೇ ಅಂತ ನೋಡುವುದು) ಮಾಡಬೇಕು. ಮಾಡ್ತೀರಾ ಅಂತ ಕೇಳಿದೆ. ಸಹಾಯಕಿ ಹುಡುಗಿ ರಿಜಿಸ್ಟರನ್ನೇ ತಂದು ತೋರಿಸಿದಳು. ಭೇಷ್!

ಎರಡನೇ ಸಲ ಹೋದಾಗ ಸಂಜೆ, ಜನ ಜಾಸ್ತಿ. ಒಳಗಿನ ಬಾಗಿಲು ಅರ್ಧ ತೆರೆದಿತ್ತು. ನನಗಿಂತ ಮುಂಚಿನವರ ಬಾಯಿಂದ ತೆಗೆದ ಡ್ರಿಲ್‌ನ ಹಿಡಿಯನ್ನು ಅದೇ ಹುಡುಗಿ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ತುದಿಯ ಕೊರೆಯುವ ಮೊನೆ (ಬರ್) ಬದಲಿಸಿ, ನನ್ನ ಟ್ರೇಗೆ ಇಟ್ಟಳು. ಡ್ರಿಲ್ ನಿಲ್ಲುವ ಹೊತ್ತಿಗೆ ಎಂಜಲು, ರಕ್ತ ಒಳಕ್ಕೆ ಎಳೆದುಕೊಳ್ಳಬಹುದು. ಹೊರಗೆ ಒರೆಸಿದರೆ ಒಳಗಿನದು ಹೋಗುತ್ತದೆಯೇ? ಕೂರಲ್ಲ ಅಂದೆ.

"ಅಮ್ಮಾ, ಇರೋದೇ ಎರಡು. ಬೇಯಿಸಿ ಒಣಗಿಸಲು ಮುಕ್ಕಾಲು ಗಂಟೆ ಬೇಕು" ಅಂದರು ಡಾಕ್ಟರ್. ನಿಜವೇ. ಪೌಚ್‌ನಲ್ಲಿಟ್ಟದ್ದಕ್ಕೆ 121 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಕು, ಒಣಗುವ ಹೊತ್ತು ಬೇರೆ. ಹಾಗಾದರೆ ಇನ್ನೆರಡು ಕೊಳ್ಳಿ, ಇಲ್ಲವೇ ಸಂಜೆ ಪೇಷೆಂಟ್ ಕಮ್ಮಿ ಮಾಡಿ ಅಂದೆ. ಸಿಟ್ಟಾಗಲಿಲ್ಲ, ಅದು ಅವರ ದೊಡ್ಡತನ. ನಾನು ಕಾದೆ.

ಮೂರನೇ ಸಲ ಡ್ರಿಲ್ಲೂ ಪೌಚ್‌ನಲ್ಲೇ ಬಂತು. ಆದರೆ ಪೌಚ್ ಒದ್ದೆ! ಅವಸರದಲ್ಲಿ ಹೊರಗೆ ತೆಗೆದಿದ್ದರು. ಒದ್ದೆ ಕಾಗದದ ಮೂಲಕ ಬ್ಯಾಕ್ಟೀರಿಯಾ ಸಲೀಸಾಗಿ ಒಳಗೆ ಹೋಗುತ್ತದೆ, ಬೇಯಿಸಿದ್ದೆಲ್ಲ ದಂಡ. ವಾಪಸ್ ಕಳಿಸಿದೆ. ಹುಡುಗಿ ನನ್ನನ್ನು ಅತ್ತೆಯನ್ನು ನೋಡಿದ ಹಾಗೆ ನೋಡಿದಳು. ಒಣಗಿದ್ದು ಬಂತು. ಬಾಯಿಗೆ ಇಡುವ ಮುಂಚೆ ಅರ್ಧ ನಿಮಿಷ ನೀರು ಹಾಯಿಸಿದರು. ನೀರಿನ ಪೈಪಿನೊಳಗೆ ಕಟ್ಟುವ ಲೋಳೆಯಿಂದ ನಿಂತ ನೀರಿಗೆ ಬ್ಯಾಕ್ಟೀರಿಯಾ ಸೇರುತ್ತದಲ್ಲ, ಆ ನೀರು ಹೋಗಲಿ ಅಂತ. ಇದನ್ನು ನಾನು ಹೇಳಿರಲಿಲ್ಲ, ಅವರಾಗಿಯೇ ಮಾಡಿದ್ದು.

ಹೋಗುವವರು ಬೆಳಗ್ಗೆ ಹತ್ತರ ಮೊದಲ ಅಪಾಯಿಂಟ್‌ಮೆಂಟ್ ಕೇಳಿ. ಗಾಡಿ ನಿಲ್ಲಿಸಲು ಜಾಗವಿಲ್ಲ, ಆಟೋದಲ್ಲಿ ಹೋಗುವುದು ವಾಸಿ.